ಹಸಿರು ಪಟ್ಟಿ ಕಟ್ಟಿಸಿಕೊಂಡು ಕೂತವಳು

ಕೋವಿಡ್ ಇಳಿದ ಮರುವರ್ಷ ನಾನು ಚಿಕ್ಕಬಳ್ಳಾಪುರದ ಒಂದು ಖಾಸಗಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಹಿರಿಯ ವೈದ್ಯಾಧಿಕಾರಿಯಾಗಿದ್ದೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಅಲ್ಲಿದ್ದವರಿಗೆ ಗೊತ್ತು. ಶಿಡ್ಲಘಟ್ಟ, ಗೌರಿಬಿದನೂರು ಕಡೆಯಿಂದಲೂ ರೋಗಿಗಳು ಬರುತ್ತಿದ್ದ ಆ ವಿಭಾಗದಲ್ಲಿ, ಕಾಯುವ ಸಮಯವನ್ನು ಕಡಿಮೆ ಮಾಡುವುದು ಹೇಗೆಂದು ಆಗ ಒಂದು ಕ್ಲಿನಿಕಲ್ ಸಂಶೋಧನೆ ಆರಂಭವಾಯಿತು. ಅದರ ಮುಖ್ಯಸ್ಥರು ಬೆಂಗಳೂರಿನಿಂದ ಬರುತ್ತಿದ್ದ, ನನಗಿಂತ ಬಹಳ ಕಿರಿಯರಾದ ಒಬ್ಬ ವೈದ್ಯರು.

ವಿಧಾನ ಸರಳವಾಗಿತ್ತು. ಬಾಗಿಲಲ್ಲೇ ರೋಗಿಯ ಕೈಗೆ ಬಣ್ಣದ ಪಟ್ಟಿ: ಸ್ಟ್ರೆಚರ್ ಮೇಲೆ ಬಂದವರಿಗೆ ಕೆಂಪು, ಆಸರೆ ಹಿಡಿದು ಬಂದವರಿಗೆ ಹಳದಿ, ತಾವೇ ನಡೆದು ಬಂದು ಕೂತವರಿಗೆ ಹಸಿರು. ಯಾರನ್ನು ಮೊದಲು ನೋಡಬೇಕೆಂದು ಹೀಗೆ ವಿಂಗಡಿಸುವುದನ್ನು ಟ್ರಯಾಜ್ ಎನ್ನುತ್ತಾರೆ. ಹಸಿರಿನವರ ನಾಡಿ, ಬಿ.ಪಿ. ನೋಡುವುದು ಅವರ ಸರದಿ ಬಂದಾಗ. ಬಣ್ಣ ಕೊಡುವ ಮೊದಲೇ ಎಲ್ಲರ ನಾಡಿ ನೋಡಬೇಕು, ಈ ಸೀಮೆಯ ಹೆಂಗಸರು ಹಿರಿಯರೆದುರು ನೋವು ತೋರಿಸುವುದಿಲ್ಲ ಎಂದು ನಾನು ಸಭೆಯಲ್ಲಿ ಹೇಳಿದೆ.

"ಮೇಡಂ, ನಾಡಿ ಹಿಡ್ಕೊಂಡು ಕೂತ್ರೆ ಬಾಗಿಲಲ್ಲೇ ಸಂಜೆ ಆಗುತ್ತೆ. ನಿಮ್ಮ ಕಾಲ ಬೇರೆ ಬಿಡಿ," ಎಂದರು ಮುಖ್ಯಸ್ಥರು. ಮೂವರು ನಕ್ಕರು. ಮೊದಲು ನಕ್ಕವನಿಗೆ ಹೊಲಿಗೆ ಹಾಕುವುದನ್ನು ಕಲಿಸಿದ್ದು ನಾನೇ.

ಕೆಲವು ವಾರಗಳ ನಂತರ, ಒಂದು ಬೆಳಿಗ್ಗೆ, ಪೆರೇಸಂದ್ರದ ಕಡೆಯ ಯುವತಿಯೊಬ್ಬಳು ಆಟೊ ಇಳಿದು ನಡೆದೇ ಒಳಬಂದಳು. ಮಂಜುಳಾ ಎಂದು ಕರೆಯುತ್ತೇನೆ. ಗಂಡ ಟೊಮೆಟೊ ತುಂಬಿಕೊಂಡು ಚಿಂತಾಮಣಿಯ ಮಂಡಿಗೆ ಹೋಗಿದ್ದರಿಂದ ಜೊತೆಗೆ ಬಂದವರು ಮಾವ. ನಾನು ಒಳಗೆ ಅಪಘಾತದ ಗಾಯಾಳುವೊಬ್ಬನಿಗೆ ಹೊಲಿಗೆ ಹಾಕುತ್ತಿದ್ದೆ. ಬಾಗಿಲಲ್ಲಿ ನಡೆದದ್ದನ್ನು ನರ್ಸ್ ಶಶಿಕಲಾ ಆಮೇಲೆ ನನಗೆ ಹೇಳಿದರು.

"ಏನಮ್ಮ ತೊಂದ್ರೆ?" ಎಂದು ಅವರು ಕೇಳಿದ್ದು ಮಂಜುಳಾಳನ್ನು. ಉತ್ತರ ಕೊಟ್ಟವರು ಮಾವ: "ಹೊಟ್ಟೆನೋವು ಕಣಮ್ಮ. ನಿನ್ನೆ ಮದ್ವೆ ಮನೇಲಿ ಹೋಳಿಗೆ ಜಾಸ್ತಿ ಆಗಿರ್ಬೇಕು."

"ಬೇರೆ ಏನಾದ್ರೂ ಇದ್ಯೇನಮ್ಮ?"

ಅವಳು ಮಾವನತ್ತ ನೋಡಿ ಸೆರಗೆಳೆದುಕೊಂಡಳು. "ಏನಿಲ್ಲ ಸಿಸ್ಟರ್."

ಶಶಿಕಲಾ ಹಸಿರು ಪಟ್ಟಿ ಕಟ್ಟಿದರು. "ಬೇಕಾದ್ರೆ ಬೆಂಚ್ ಮೇಲೆ ಮಲ್ಕೊಳ್ಳಮ್ಮ."

"ಬೇಡ ಸಿಸ್ಟರ್. ಮಾವ ಅವ್ರೆ. ಕೂತಿರ್ತೀನಿ."

ಆ ಕಡೆಯ ಹಳೆಯ ಪದ್ಧತಿಯ ಮನೆಗಳಲ್ಲಿ ಸೊಸೆಯರು ಮಾವನೆದುರು ಮಲಗುವುದು ಹಾಗಿರಲಿ, ಕೂರುವುದೂ ಇಲ್ಲ. ತಡೆಯಬಲ್ಲ ನೋವಾಗಿದ್ದರೆ ಅವಳು ನಿಂತೇ ಇರುತ್ತಿದ್ದಳು. ಅವಳು ಕೂತದ್ದೇ ಅವಳ ಕೂಗಾಗಿತ್ತು. ನಮ್ಮ ನಿಯಮ ಅದನ್ನು ಆರೋಗ್ಯವೆಂದು ಓದಿತು.

ನಾನು ಹೊರಬಂದಾಗ ಅವಳು ಗೋಡೆಗೂ ಒರಗದೆ ನೆಟ್ಟಗೆ ಕೂತಿದ್ದಳು. ತುಟಿ ಬಿಳಿಚಿಕೊಂಡಿತ್ತು. ಕೈ ಹಿಡಿದೆ, ತಣ್ಣಗಿತ್ತು, ಮಣಿಕಟ್ಟಿನಲ್ಲಿ ನಾಡಿ ಸಿಗಲಿಲ್ಲ. ಎಕ್ಟೋಪಿಕ್ ಗರ್ಭ, ಅಂದರೆ ಗರ್ಭಕೋಶ ಸೇರದೆ ನಾಳದಲ್ಲೇ ಬೆಳೆದ ಗರ್ಭ, ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿತ್ತು. ಬೇಗ ಗೊತ್ತಾದರೆ ಉಳಿಸಬಹುದಾದ ಜೀವ. ಆಪರೇಷನ್ ಥಿಯೇಟರಿನ ಬಾಗಿಲು ತಲುಪುವಷ್ಟರಲ್ಲಿ ಹೃದಯ ನಿಂತಿತು. ನಮ್ಮ ಯಾವ ಪ್ರಯತ್ನಕ್ಕೂ ಅದು ಮತ್ತೆ ಮಿಡಿಯಲಿಲ್ಲ.

ಸರದಿ ಬರುವ ಮೊದಲೇ ಕುಸಿದದ್ದರಿಂದ ಅವಳ ಕಾಯುವ ಸಮಯ ಅಪೂರ್ಣ ಎಂದು ಮುಖ್ಯಸ್ಥರು ಅವಳನ್ನು ಅಧ್ಯಯನದಿಂದ ಹೊರಗಿಟ್ಟರು.

"ಕಾದು ಸತ್ತವಳನ್ನೇ ಬಿಟ್ಟು ಕಾಯುವ ಸಮಯ ಹೇಗ್ರೀ ಲೆಕ್ಕ ಹಾಕ್ತೀರಿ?" ಎಂದು ಕೇಳಿದೆ.

"ಎಮೋಷನಲ್ ಆಗ್ಬೇಡಿ ಮೇಡಂ."

ಆ ಅಧ್ಯಯನದ ಪ್ರಬಂಧದಲ್ಲಿ ಲೇಖಕರ ಸಾಲಿನಿಂದ ನನ್ನ ಹೆಸರನ್ನು ತೆಗೆಸಿದೆ. ಅವರು ಕೃತಜ್ಞತೆಯ ಸಾಲಿನಲ್ಲಿ ಸೇರಿಸಿದರು. ಅಲ್ಲಿಯೂ ಇನಿಷಿಯಲ್ ತಪ್ಪಾಗಿತ್ತು. ಕಾಯುವ ಸಮಯ ಇಳಿದಿದೆ ಎಂದೇ ಪ್ರಬಂಧ ಅಚ್ಚಾಯಿತು.

ನಿವೃತ್ತಿಯವರೆಗೆ ನನ್ನ ಪಾಳಿಯಲ್ಲಿ ನಾಡಿ ಮೊದಲು, ಪಟ್ಟಿ ಆಮೇಲೆ. ಜೊತೆಗೆ ಬಂದ ಹಿರಿಯರನ್ನು ಹೊರಗೆ ಕೂರಿಸುತ್ತಿದ್ದೆ. ರೋಗಿ ಹೇಗೆ ಕೂತಿದ್ದಾರೆ ಎಂಬುದರ ಜೊತೆಗೆ ಯಾರೆದುರು ಕೂತಿದ್ದಾರೆ ಎಂಬುದನ್ನೂ ನೋಡಬೇಕೆಂದು ಈ ವೃತ್ತಿ ನನಗೆ ಕಲಿಸಿತು. ಆದರೂ ಯಾವುದೇ ಆಸ್ಪತ್ರೆಯ ಬೆಂಚು ಕಂಡರೆ ಆ ನೆಟ್ಟಗಿನ ಬೆನ್ನು ಕಣ್ಣೆದುರು ಬರುತ್ತದೆ.

ಅವಳ ಮಾವ ಒಮ್ಮೆ ನನ್ನನ್ನು ಹುಡುಕಿಕೊಂಡು ಬಂದಿದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಡಾಕ್ಟ್ರಮ್ಮ, ನಾನು ಆಚೆ ಹೋಗಿ ನಿಂತಿದ್ರೆ ನಮ್ ಹುಡ್ಗಿ ಬೆಂಚ್ ಮೇಲೆ ಮಲಗ್ತಿತ್ತಾ?"

"ನಿಮ್ಮನ್ನ ಆಚೆ ಕಳಿಸ್ಬೇಕಾಗಿದ್ದು ನಾವು," ಎಂದೆ.

ಅವರು ಬೆಂಚಿನತ್ತ ತಿರುಗಿ ನೋಡಿದರು. "ಒಂದ್ ಮಾತು ಅಂದಿದ್ರೆ ಹೋಗ್ತಿದ್ದೆ ಕಣಮ್ಮ."