ನೆಗೆಣ್ಣಿಯ ಎಮ್ಮೆಗೆ ದೃಷ್ಟಿ ತೆಗೆದದ್ದು

ನಮ್ಮ ಓಣಿಯಲ್ಲಿ ಮುಸುರಿ ಯಾರ ಬಾನಿಗೆ ಬೀಳುತ್ತದೆ ಎಂಬುದರ ಮೇಲೆ ಆ ಮನೆಯ ತೂಕ ಗೊತ್ತಾಗುತ್ತದೆ. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ಕಾಯಿಪಲ್ಲೆಯ ಸಿಪ್ಪೆ, ನಿನ್ನೆಯ ರೊಟ್ಟಿಯ ಚೂರು ಎಲ್ಲವನ್ನೂ ಹೆಂಗಸರು ಬಕೆಟ್ಟಿನಲ್ಲಿ ಕೂಡಿಟ್ಟು, ಎಮ್ಮೆ ಕಟ್ಟಿದವರ ಬಾನಿಗೆ ಸುರಿದು ಹೋಗುತ್ತಾರೆ. ಆ ಮನೆಯಿಂದ ಅವರಿಗೆ ಮಜ್ಜಿಗೆ ಹೋಗುತ್ತದೆ. ನಾನು ಮಂಗಳೂರಿನ, ಕಡಲ ದಂಡೆಯದಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರಿನ ಸಾಲೆಯಿಂದ ನಿವೃತ್ತಳಾಗಿ ಬಂದು ಎಮ್ಮೆ ಕಟ್ಟಿದ ಮೇಲೆ ಓಣಿಯ ಮುಸುರಿಯೆಲ್ಲ ನಮ್ಮ ಬಾನಿಗೇ ಬರುತ್ತಿತ್ತು. ಅದನ್ನು ನಾನು ಯಾರ ಬಳಿಯೂ ಹೇಳಿಕೊಂಡವಳಲ್ಲ. ಆದರೆ ಸಂಜೆ ಹೊತ್ತು ಬಾನಿ ತುಂಬುವ ಸಪ್ಪಳ ಕೇಳಿದಾಗ ನನಗೆ ಸುಖವೆನಿಸುತ್ತಿತ್ತು.

ಗೋಡೆಯ ಆಚೆ ಮನೆ ನನ್ನ ನೆಗೆಣ್ಣಿಯದು. ನನ್ನ ಮೈದುನನ ಹೆಂಡತಿ. ನನ್ನ ನಿವೃತ್ತಿಯ ದಿನ ನಾನು ಶಾಲು ಹೊದ್ದು ಮನೆಗೆ ಬಂದಾಗ, "ಇನ್ನ ನಮ್ಮಕ್ಕ ದನಾ ಕಾಯಾಕ ಬಂದ್ಲು ನೋಡ್ರಿ" ಎಂದು ನಾಲ್ಕು ಜನರೆದುರು ನಕ್ಕವಳು ಅವಳೇ. ಅವಳ ಬಸುರಿ ಸೊಸೆಯ ಕುಬಸದಲ್ಲಿ ಉಡಿ ತುಂಬಲು ಹಿರಿಯಳಾದ ನನ್ನನ್ನು ಬಿಟ್ಟು, ಕುಷ್ಟಗಿಯಿಂದ ಬಂದ ತನ್ನ ಅಕ್ಕನನ್ನು ಮೊದಲು ಕರೆದಳು. ಕೇಳಿದರೆ, "ನೀ ಒಳಗ ಇದ್ದಿ ಅಂದ್ಕೊಂಡಿದ್ನೆವ್ವಾ" ಅಂದಳು. ನಾನು ಒಳಗಿರಲಿಲ್ಲ. ಅವಳ ಎದುರಿಗೇ, ಹಸಿರು ಸೀರೆಯುಟ್ಟು ಕೂತಿದ್ದೆ.

ಯುಗಾದಿ ಕಳೆದ ಮೇಲೆ, ನನ್ನ ಎಮ್ಮೆ ದಿನ ತುಂಬಿ ನಿಂತಿದ್ದ ಹೊತ್ತಿನಲ್ಲಿ, ಅವಳು ಮುರ್ರಾ ಎಮ್ಮೆ ತಂದಳು. ಹರಿಯಾಣದಿಂದ ಲಾರಿಯಲ್ಲಿ ಹೇರಿಕೊಂಡು ಬಂದು ಗಂಗಾವತಿಯಲ್ಲಿ ಇಳಿಸಿದ ಎಮ್ಮೆಗಳಲ್ಲಿ ಅದೊಂದು. ಟೆಂಪೋದಿಂದ ಅದು ಓಣಿಗೆ ಇಳಿದದ್ದನ್ನು ನಾನು ಕಟ್ಟೆಯ ಮೇಲೆ ಕೂತು ನೋಡಿದೆ. ಕಾಡಿಗೆಯಂಥ ಮೈ. ಚಕ್ಕುಲಿಯ ಹಾಗೆ ಸುತ್ತಿಕೊಂಡ ಕೊಂಬು. ಕೆಚ್ಚಲನ್ನು ನಾನು ಇಲ್ಲಿ ವರ್ಣಿಸಲಾರೆ. ನೋಡಿದ ಕ್ಷಣದಲ್ಲೇ ನನ್ನ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಯಿತು. ಹೊಟ್ಟೆಕಿಚ್ಚಿಗೆ ಬೇರೆ ಹೆಸರು ಕೊಟ್ಟು ಬರೆಯುವ ವಯಸ್ಸು ನನ್ನದಲ್ಲ.

ಓಣಿಯ ಹೆಂಗಸರೆಲ್ಲ ಸೇರಿದರು. ಹೊಸ ಎಮ್ಮೆ ಬಂದರೆ ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮ ಹಚ್ಚಿ, ಆರತಿ ಮಾಡಿ, ಪ್ರತಿಯೊಬ್ಬರೂ ಅದರ ಬೆನ್ನು ಮುಟ್ಟಿ, ತಮ್ಮ ಕೈಯಿಂದ ಒಂದು ತುತ್ತು ತಿನ್ನಿಸುವುದು ನಮ್ಮಲ್ಲಿನ ರೂಢಿ. ಹಾಗೆ ಮುಟ್ಟಿದ ಕೈಯಲ್ಲೇ ಅವರು ಮನೆಗೆ ಹೋಗಿ ತಮ್ಮ ದನಕ್ಕೆ ಮೇವು ಹಾಕುತ್ತಾರೆ.

"ಅಕ್ಕಾ, ಬಾ, ಆರತಿ ನೀನ ಹಿಡಿ. ಹಿರಿಯಾಕಿ ಅಲ್ಲೇನು?" ಎಂದು ನೆಗೆಣ್ಣಿ ಅಲ್ಲಿಂದಲೇ ಕೂಗಿದಳು. ಕುಬಸದಂದು ನೆನಪಾಗದ ನನ್ನ ಹಿರಿತನ ಎಮ್ಮೆಯ ಮುಂದೆ ನೆನಪಾಗಿತ್ತು.

ನಾನು ಎದ್ದು ನಿಂತು, ಯಾರೂ ಮುಟ್ಟಬೇಡಿರೆಂದೆ. ಹೊರರಾಜ್ಯದಿಂದ ದನ ತರಬೇಕಾದರೆ ಅಲ್ಲಿಯ ಪಶುವೈದ್ಯರು ಕೊಟ್ಟ ಆರೋಗ್ಯ ಪ್ರಮಾಣಪತ್ರ ಬೇಕು, ಲಸಿಕೆ ಆಗಿರಬೇಕು, ಬಂದ ಮೇಲೂ ಮೂರು ವಾರ ಬೇರೆ ಕಡೆ ಕಟ್ಟಬೇಕು, ಅದರ ಬಾನಿ ಬೇರೆ, ಅದನ್ನು ನೋಡಿಕೊಳ್ಳುವ ಕೈ ಬೇರೆ. ಇದೇನು ನನ್ನ ಮನಸ್ಸಿನಿಂದ ಹುಟ್ಟಿದ್ದಲ್ಲ. ಚರ್ಮಗಂಟು ರೋಗ ಬಂದು ಸರಕಾರ ದನದ ಸಂತೆಗಳನ್ನು ಮುಚ್ಚಿಸಿದ ವರ್ಷ, ಪಶು ಆಸ್ಪತ್ರೆಯವರು ಹಂಚಿದ ಹಾಳೆಯನ್ನು ಇದೇ ಕಟ್ಟೆಯ ಮೇಲೆ ಕೂತು ಇದೇ ಹೆಂಗಸರಿಗೆ ಓದಿ ಹೇಳಿದವಳು ನಾನು.

"ಪ್ರಮಾಣಪತ್ರ ಎಲ್ಲೈತಿ, ತೋರ್ಸು" ಅಂದೆ.

"ಎಮ್ಮಿ ತಂದೀನಿ, ಸೊಸಿ ತಂದಿಲ್ಲ, ಜಾತಕ ತೋರ್ಸಾಕ" ಅಂದಳು ನೆಗೆಣ್ಣಿ. ಓಣಿ ನಕ್ಕಿತು.

"ಕಾಲುಬಾಯಿ ಬ್ಯಾನಿ ಇದ್ರ ಓಣಿಗೆಲ್ಲ ಹತ್ತತೈತಿ."

"ಬ್ಯಾನಿ ಯಾರಿಗೆ ಹತ್ತೇತಿ ಅನ್ನೂದು ಕಾಣಾಕ ಹತ್ತೇತಿ ಬಿಡಕ್ಕಾ."

ಮತ್ತೆ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಬಳೆಗಾರರ ಮನೆಯ ಚಾಚಿ. ಅವಳ ಮೊಮ್ಮಗನಿಗೆ ಮಗ್ಗಿ ಕಲಿಸಿದವಳು ನಾನು.

ನನ್ನ ಮಾತಿನಲ್ಲಿ ಹೊಟ್ಟೆಕಿಚ್ಚಿತ್ತು ಎಂಬುದು ನಿಜ. ನನ್ನ ಮಾತು ನಿಯಮದ ಪ್ರಕಾರ ಸರಿಯಾಗಿತ್ತು ಎಂಬುದೂ ಅಷ್ಟೇ ನಿಜ. ಓಣಿಗೆ ಮೊದಲನೆಯದು ಮಾತ್ರ ಕೇಳಿಸಿತು. ಆದರೂ ಕಾಲುಬಾಯಿಯ ಹೆಸರು ಕೇಳಿದ ಮೇಲೆ ಎಮ್ಮೆ ಮುಟ್ಟಲು ಯಾರೂ ಮುಂದೆ ಬರಲಿಲ್ಲ. ನನಗೆ ಮಾತ್ರ ಇನ್ನೊಂದು ಚಿಂತೆಯಿತ್ತು. ದಿನ ತುಂಬಿದ್ದರಿಂದ ನನ್ನ ಎಮ್ಮೆಗೆ ಆ ಸಲ ಕಾಲುಬಾಯಿ ಲಸಿಕೆ ಹಾಕಿರಲಿಲ್ಲ. ಕರು ಹಾಕಿದ ಮೇಲೆ ನೋಡೋಣ ಎಂದು ಪಶು ಆಸ್ಪತ್ರೆಯವರು ಹೇಳಿದ್ದರು. ಓಣಿಯವರು ತಮ್ಮ ದನಗಳಿಗೂ ಹಾಕಿಸಿರಲಿಲ್ಲ. ಸುತ್ತಲಿನ ದನಗಳು ನೆಟ್ಟಗಿದ್ದರೆ ಮಾತ್ರ ಅದಕ್ಕೆ ರಕ್ಷಣೆ. ರೋಗ ತಗುಲಿದರೆ ಕರು ಉಳಿಯುವ ಭರವಸೆ ಇರಲಿಲ್ಲ.

ಅದೇ ಮಧ್ಯಾಹ್ನ ಬಸ್ಸು ಹತ್ತಿ ಯಲಬುರ್ಗಾಕ್ಕೆ ಹೋಗಿ ದನದ ಡಾಕ್ಟರರನ್ನು ಕರೆತಂದೆ. ಕೊಪ್ಪಳದ ಕಡೆಯ ಹೆಣ್ಣುಮಗಳು, ಮಾತು ಕಡಿಮೆ. ಎಮ್ಮೆಯ ಬಾಯಿ ನೋಡಿದರು, ಗೊರಸು ನೋಡಿದರು, ಕಿವಿಯಲ್ಲಿ ಬಿಲ್ಲೆಯಿಲ್ಲದ್ದನ್ನು ನೋಡಿದರು. ಈಗ ಏನೂ ಕಾಣುವುದಿಲ್ಲ, ಆದರೆ ದೂರ ಕಟ್ಟಲೇಬೇಕೆಂದರು. ಎಲ್ಲಿ ಕಟ್ಟುವುದು? ಓಣಿಯ ಹಿತ್ತಿಲುಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಊರ ಹೊರಗೆ ಮುಳ್ಳುಬೇಲಿಯೂ ತಗಡಿನ ನೆರಳೂ ಇರುವ ಜಾಗ ಒಂದೇ: ನಮ್ಮ ಕಣ. ನಮ್ಮ ಮನೆಯವರು ನನ್ನ ಮುಖವನ್ನೂ ನೋಡದೆ, "ಅಲ್ಲೇ ಕಟ್ಲಿ ಬಿಡ್ರಿ" ಅಂದುಬಿಟ್ಟರು. ಹೀಗೆ ನನ್ನ ಸವತಿಯಂಥ ಎಮ್ಮೆ ನನ್ನ ಕಣದಲ್ಲಿ, ನನ್ನ ಬಣವಿಯ ನೆರಳಲ್ಲಿ ನಿಂತಿತು.

ಓಣಿಯ ಮುಸುರಿ ಈಗ ಅಲ್ಲಿಗೆ ಹೊರಟಿತು. ಬಕೆಟ್ಟು ಹಿಡಿದ ಹೆಂಗಸರು ನನ್ನ ಬಾಗಿಲ ಮುಂದೆಯೇ ದಾಟಿ ಹೋಗುತ್ತಿದ್ದರು. "ಬೇಲಿಯ ಹೊರಗಿನ ಬಾನ್ಯಾಗ ಸುರುವಿ ಬರ್ತೀವ್ರಿ ಅಕ್ಕೋರ, ಒಳಗ ಹೋಗೂದಿಲ್ಲ" ಎಂದು ಚಾಚಿ ನಡೆಯುತ್ತಲೇ ಹೇಳಿದಳು, ನನ್ನ ಸಂಕಟ ಅದೊಂದೇ ಎಂಬಂತೆ. ಅವಳು ಕೊಟ್ಟ ಮಾತನ್ನು ಉಳಿಸಿಕೊಂಡಳು, ಅದನ್ನೂ ಹೇಳಬೇಕು. ಸಂಜೆ ನಾನು ಮಾಳಿಗೆ ಹತ್ತಿ ಕಣದ ಕಡೆ ನೋಡುತ್ತಿದ್ದೆ. ನೆಗೆಣ್ಣಿ ಹಾಲು ಹಿಂಡಿ ಕೊಡ ಹೊತ್ತು ಬರುವಾಗ, ತುಂಬಿದ ಕೊಡದ ಭಾರಕ್ಕೆ ಬರುವ ಜೋಲಿ ಅವಳ ನಡಿಗೆಯಲ್ಲಿ ಅಷ್ಟು ದೂರದಿಂದಲೂ ಕಾಣುತ್ತಿತ್ತು.

ವಾರ ಕಳೆಯುವುದರೊಳಗೆ ಮುರ್ರಾ ಜೊಲ್ಲು ಸುರಿಸತೊಡಗಿತು. ಮೇವು ಮುಟ್ಟಲಿಲ್ಲ, ಕಾಲೂರಲಿಲ್ಲ. ಡಾಕ್ಟರರು ಬಂದು ನಾಲಿಗೆಯ ಮೇಲಿನ ಗುಳ್ಳೆ ನೋಡಿ, ಕಾಲುಬಾಯಿಯೇ, ಪ್ರಯಾಣದಲ್ಲಿ ಹತ್ತಿಸಿಕೊಂಡು ಬಂದಿದೆ ಎಂದರು. ದೂರ ಕಟ್ಟಿದ್ದರಿಂದ ಓಣಿ ಉಳಿದಿದೆ, ಆದರೆ ಕೂಡಲೇ ಸುತ್ತಲಿನ ದನಗಳಿಗೆಲ್ಲ ಲಸಿಕೆಯಾಗಬೇಕು ಎಂದೂ ಹೇಳಿದರು.

ಓಣಿಯವರು ಓಡಿ ಬಂದು ನನ್ನ ಕೈ ಹಿಡಿದುಕೊಂಡಾರು ಎಂದು ನಾನು ಎಣಿಸಿದ್ದೆ. ಬಂದದ್ದು ಬೇರೆಯೇ ಮಾತು. ಅಕ್ಕೋರ ಕಣ್ಣು ಬಿತ್ತು. ಎಮ್ಮೆ ಬಂದ ದಿನವೇ ಬ್ಯಾನಿ ಹೆಸರು ತೆಗೆದಳು, ಹೆಸರು ತೆಗೆದದ್ದೇ ಬಂತು. ತನ್ನ ಕಣದಲ್ಲೇ ಕಟ್ಟಿಸಿಕೊಂಡು ದಿನಾ ಮಾಳಿಗೆ ಮೇಲಿಂದ ನೋಡಿದಳು. ಮಾಳಿಗೆಯ ವಿಷಯ ಅವರಿಗೆ ತಿಳಿದಿರುವುದು ನನಗೆ ಗೊತ್ತಿರಲಿಲ್ಲ.

ಅದಕ್ಕಿಂತ ಕೆಟ್ಟದ್ದೆಂದರೆ, ದೃಷ್ಟಿಯಿಂದ ಬಂದ ಬ್ಯಾನಿಗೆ ಸೂಜಿ ಏಕೆ ಎಂದು ಓಣಿಯವರು ಲಸಿಕೆಗೆ ಒಲ್ಲೆವೆಂದರು. "ಸೂಜಿ ಹಾಕ್ಸಿದ್ರ ನಾಕ ದಿನ ಹಾಲು ಕಮ್ಮಿ ಆಗ್ತೈತ್ರಿ ಅಕ್ಕೋರ. ನಮ್ಮ ಚಾಕ್ಕ ಹಾಲು ನೀವು ಕೊಡ್ತೀರೇನು?" ಎಂದಳು ಚಾಚಿ. ಲಸಿಕೆ ಹಾಕುವವರು ಬಂದು ಓಣಿಯ ತುದಿಯಲ್ಲಿ ನಿಂತು ಹಾಗೇ ಹೋದರು. ನನ್ನ ಎಮ್ಮೆ ಹೊಟ್ಟೆ ಇಳಿಬಿಟ್ಟುಕೊಂಡು, ಸುತ್ತಲೂ ಲಸಿಕೆಯಿಲ್ಲದ ದನಗಳ ನಡುವೆ ನಿಂತಿತ್ತು.

ಮರುದಿನ ನೆಗೆಣ್ಣಿ ಬಾಗಿಲಿಗೆ ಬಂದಳು. ಅತ್ತು ಅತ್ತು ಮುಖ ಬಾತಿತ್ತು. ಆ ಎಮ್ಮೆಗಾಗಿ ಅವಳು ತನ್ನ ಕೊರಳಿನ ಬಂಗಾರದ ಬೋರಮಾಳ ಬಿಚ್ಚಿ ಕೊಟ್ಟಿದ್ದಳೆಂದು ನನಗೆ ಆಮೇಲೆ ತಿಳಿಯಿತು.

"ಅಕ್ಕಾ, ಆದದ್ದು ಆತು. ನೀನ ಬಂದು ದೃಷ್ಟಿ ತೆಗಿ. ಹಾಕಿದಾಕಿನ ತೆಗೀಬೇಕಂತ."

ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವಳಿಗೆ ಈ ಮಾತು! ಬಾಗಿಲು ಹಾಕಿಕೊಳ್ಳಬೇಕೆಂದು ಕೈ ಎತ್ತಿದ್ದೆ. ಕೊಟ್ಟಿಗೆಯಲ್ಲಿ ನನ್ನ ಎಮ್ಮೆ ನಿಟ್ಟುಸಿರು ಬಿಟ್ಟ ಸಪ್ಪಳ ಕೇಳಿತು. ಕೈ ಇಳಿಸಿದೆ.

"ತೆಗೀತೀನಿ. ಆದ್ರ ನಾಳಿ ಮುಂಜಾನಿ ಓಣ್ಯಾಗಿನ ಒಂದೊಂದು ದನಾನೂ ಸೂಜಿಗೆ ನಿಂದ್ರಬೇಕು. ಚಾಚಿದೂ ಸೇರಿ. ನೀ ಎಲ್ಲಾರ ಕಡಿಂದ ಮಾತು ತಗೊಂಡ ಬಾ."

"ಸೂಜಿಗೂ ದೃಷ್ಟಿಗೂ ಏನ್ ಸಂಬಂಧನವ್ವಾ?"

"ನಾ ತೆಗಿಯೂ ದೃಷ್ಟಿಗೆ ಐತಿ."

ಅವಳು ಹೋಗಿ ಮನೆ ಮನೆ ತಿರುಗಿ ಮಾತು ತಂದಳು. ನನ್ನ ಮಾತಿಗೆ ನಿಲ್ಲದ ಓಣಿ ಅವಳ ಕಣ್ಣೀರಿಗೆ ನಿಂತಿತು. ಅದನ್ನೂ ನಾನು ಗಮನಿಸಿದೆ.

ಸಂಜೆ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಕಣಕ್ಕೆ ಹೋದೆ. ಓಣಿಯೆಲ್ಲ ಹಿಂದೆ ಬಂದಿತ್ತು. ಬೇಲಿಯ ಹೊರಗೆ, ದಾರಿಯ ಈಚೆ ಬದಿಗೆ ನಿಂತು ನಿವಾಳಿಸಲು ಕೈ ಎತ್ತಿದೆ.

"ಒಳಗ ಹೋಗಕ್ಕಾ. ಅಷ್ಟು ದೂರದಿಂದ ತೆಗೆದ್ರ ಹೋಗ್ತೈತೇನು?"

"ಇಷ್ಟು ದೂರದಿಂದ ಹತ್ತೇತಿ ಅಂದ್ರ, ಇಷ್ಟು ದೂರದಿಂದ ಹೋಗಾಕೂ ಬೇಕು."

ಯಾರೂ ನಗಲಿಲ್ಲ. ನಿವಾಳಿಸಿ, ಚಾಚಿ ಹಿಡಿದಿದ್ದ ಕೆಂಡದ ತಗಡಿನ ಬುಟ್ಟಿಯಲ್ಲಿ ಮುಷ್ಟಿ ಬಿಚ್ಚಿದೆ. ದೃಷ್ಟಿ ಇಲ್ಲದಿದ್ದರೆ ಮೆಣಸಿನಕಾಯಿಯ ಘಾಟಿಗೆ ಎಲ್ಲರೂ ಕೆಮ್ಮಬೇಕು. ಇದ್ದರೆ ಘಾಟೇ ಏಳುವುದಿಲ್ಲ ಎಂಬ ನಂಬಿಕೆ. ಎಲ್ಲರೂ ನನ್ನನ್ನೇ ನೋಡುತ್ತ ನಿಂತರು. ಮೆಣಸಿನಕಾಯಿ ಚಟಪಟ ಸಿಡಿದು ಕಪ್ಪಾಯಿತು. ಯಾರೂ ಕೆಮ್ಮಲಿಲ್ಲ. ಬಯಲಿನಲ್ಲಿ ಪಡುವಣ ಗಾಳಿ ಜೋರಾಗಿತ್ತು, ಹೊಗೆ ಹೊಲದ ಕಡೆ ಹೋಯಿತು. ಇದನ್ನು ನಾನು ಆಗಲೇ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಗೆ ಬಂದು ಸೀರೆ ಬದಲಿಸಿ, ತಲೆಗೆ ನೀರು ಹಾಕಿಕೊಂಡೇ ಕೊಟ್ಟಿಗೆಗೆ ಹೋದೆ.

ಮುಂಜಾನೆ ಓಣಿಯ ದನಗಳೆಲ್ಲ ಸಾಲಾಗಿ ನಿಂತವು, ಚಾಚಿಯ ಆಡುಗಳೂ ಬಂದವು. ಡಾಕ್ಟರರು ಆಶ್ಚರ್ಯಪಟ್ಟು, "ಏನ್ ಮಾಡಿದ್ರಿ ಅಮ್ಮಾರ? ನಮ್ಮ ಮಾತು ಕೇಳಿರಲಿಲ್ಲ" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನೆಗೆಣ್ಣಿ, "ಅಕ್ಕ ಒಪ್ಕೊಂಡ್ಲರಿ" ಅಂದಳು. ನಾನು ಏನನ್ನೂ ಒಪ್ಪಿಕೊಂಡಿರಲಿಲ್ಲ. ಆದರೆ ಹತ್ತಾರು ದನಗಳು ಹಗ್ಗದಲ್ಲಿ ಕಾದು ನಿಂತಿದ್ದವು, ವಾದ ಹೂಡಿದರೆ ಅರ್ಧ ಜನ ಬಿಚ್ಚಿಕೊಂಡು ಹೋಗುತ್ತಿದ್ದರು. ಸಾಲಿನ ಮೊದಲ ದನದ ಹಗ್ಗ ಹಿಡಿದು ಸೂಜಿಗೆ ನಿಲ್ಲಿಸಿದೆ.

ರೋಗ ಓಣಿಯೊಳಕ್ಕೆ ಬರಲಿಲ್ಲ. ಮುರ್ರಾ ನಿಧಾನವಾಗಿ ಚೇತರಿಸಿಕೊಂಡಿತು. ಹಾಲು ಮೊದಲಿನಷ್ಟಿಲ್ಲ ಎಂದು ಅವಳು ಕೊರಗುತ್ತಾಳೆ. ಆ ಕಡಿಮೆ ಹಾಲೂ ನನ್ನ ಎಮ್ಮೆ ಕೊಡುವುದಕ್ಕಿಂತ ಹೆಚ್ಚು. ಅಷ್ಟರಲ್ಲಿ ನನ್ನ ಎಮ್ಮೆ ಕರು ಹಾಕಿತು, ಮೈತುಂಬ ಕೂದಲಿನ, ನೆಟ್ಟಗೆ ಕಾಲೂರಿ ನಿಂತ ಕರು. ಸುದ್ದಿ ಕೇಳಿ ನೆಗೆಣ್ಣಿ ಬಂದಳು. ಬ್ಯಾನಿಯ ದನ ನೋಡಿಕೊಂಡವರು ಇನ್ನೊಂದು ಕೊಟ್ಟಿಗೆಗೆ ಕಾಲಿಡಬಾರದೆಂದು ಡಾಕ್ಟರರು ಹೇಳಿದ್ದನ್ನು ಪಾಲಿಸಿ, ಹೊಸ್ತಿಲ ಆಚೆಗೇ ನಿಂತಳು.

"ಹೆಣ್ಣೋ ಗಂಡೋ ಅಕ್ಕಾ?"

"ಹೆಣ್ಣು."

ಅವಳು ಕತ್ತು ಚಾಚಿ ಕರುವನ್ನು ನೋಡಿದಳು. ನೋಡುತ್ತಲೇ ಇದ್ದಳು. ಆ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು. ಗೂಟದ ಮೇಲಿನ ಕೌದಿ ಎಳೆದು ಕರುವಿನ ಮೇಲೆ ಹೊದಿಸಿದೆ.

ಹೊರಗೆ ಬ್ಯಾಸಿಗೆಯ ಬಿಸಿಲು ಕಾದ ಹೆಂಚಿನಂತಿತ್ತು. ನೆಗೆಣ್ಣಿ ಸೆರಗಿನಿಂದ ಬೆವರೊರೆಸಿಕೊಂಡು, "ಚಳಿ ಐತೇನಕ್ಕಾ?" ಎಂದಳು.

"ಐತಿ" ಅಂದೆ.