ಸೇಫ್ಟಿ ಪೋಸ್ಟರಿನ ಮೀಸೆಯ ಗಂಡಸರು

ಚಿತ್ರ ಬಿಡಿಸುವಾಗ ಅವರ ನಾಲಗೆಯ ತುದಿ ಬಾಯಿಯ ಎಡಗಡೆಯಿಂದ ಇಷ್ಟೇ ಇಷ್ಟು ಹೊರಗೆ ಬರುತ್ತಿತ್ತು. ಅರವತ್ತು ದಾಟಿದ ಮುಖ, ಸಣಕಲು ಮೈ, ಒಂದು ಕೂದಲೂ ಮೊಳೆಯದ ನುಣ್ಣನೆಯ ಮೇಲ್ದುಟಿ. ಅಲ್ಲಿ ಬೆಳೆಯದ ಮೀಸೆಗಳೆಲ್ಲ ಅವರ ಪೆನ್ಸಿಲಿನಿಂದ ಕಾಗದದ ಮೇಲೆ ಬೆಳೆಯುತ್ತಿದ್ದವು.

ಎರಡು ಸಾವಿರದ ದಶಕದ ನಡುವಿನ ವರ್ಷಗಳವು. ಕತಾರಿನ ರಾಸ್ ಲಫಾನಿನಲ್ಲಿ ಗ್ಯಾಸ್ ಸ್ಥಾವರ ಕಟ್ಟುತ್ತಿದ್ದ ಒಂದು ಕಂಪೆನಿಯ ಸೈಟ್ ಆಫೀಸಿನಲ್ಲಿ ಅವರು ಪೈಪುಗಳ ನಕ್ಷೆ ಪರಿಶೀಲಿಸುವ ಹಿರಿಯ ಇಂಜಿನಿಯರ್. ನಾನು ಆ ನಕ್ಷೆಗಳಿಗೆ ನಂಬರು ಹಾಕಿ ಕಪಾಟಿನಲ್ಲಿಡುವ ಗುಮಾಸ್ತ. ನಾವೆಲ್ಲ ಅವರನ್ನು ಜಪಾನಿ ಸಾರ್ ಎನ್ನುತ್ತಿದ್ದೆವು. ತಪ್ಪು ಕಂಡರೆ ಅವರು ಯಾರನ್ನೂ ಬೈಯುತ್ತಿರಲಿಲ್ಲ. ನಕ್ಷೆಯ ಮೇಲೆ ಬಗ್ಗಿ, “ಪಾಪ, ಈ ಪೈಪು ಗೋಡೆಯೊಳಗೆ ಹೋಗಿ ಏನು ಮಾಡುತ್ತದೆ?” ಎಂದು ಪೈಪಿನ ಪರವಾಗಿ ವಿಚಾರಿಸುತ್ತಿದ್ದರು.

ಮೀಟಿಂಗಿನಲ್ಲಿ ಬೇಸರ ಬಂದರೆ ಕಾಗದದ ಅಂಚಿನಲ್ಲಿ ಗಂಡಸರ ಚಿತ್ರ ಬಿಡಿಸುವುದು ಅವರ ಚಾಳಿ. ಒಮ್ಮೆ ಅದು ನಮ್ಮ ಸೇಫ್ಟಿ ಮ್ಯಾನೇಜರರ ಕಣ್ಣಿಗೆ ಬಿತ್ತು. ಅವರು ಈಜಿಪ್ಟಿನವರು, ದೊಡ್ಡ ಗಂಟಲಿನ ಮನುಷ್ಯ. ಹೆಲ್ಮೆಟ್ ಹಾಕಿ ಎಂದು ಅವರು ಹಲವು ಭಾಷೆಗಳಲ್ಲಿ ಬರೆಸಿ ಹಾಕಿದ್ದ ಬೋರ್ಡುಗಳನ್ನು ಒಬ್ಬನೂ ಓದುತ್ತಿರಲಿಲ್ಲ.

“ಯಲ್ಲಾ, ಬನ್ನಿ ಬನ್ನಿ! ನನಗೆ ಬೇಕಾದವನು ಇವನೇ. ಇವನ ತಲೆಗೊಂದು ಹೆಲ್ಮೆಟ್ ಹಾಕಿ ಕೊಡಿ,” ಎಂದರು.

ಹೆಲ್ಮೆಟ್ಟಿನ ಬೆನ್ನಿಗೆ ಹಾರ್ನೆಸ್ಸಿನ ಪೋಸ್ಟರ್ ಬಂತು. ಎತ್ತರದಲ್ಲಿ ಕೆಲಸ ಮಾಡುವವರು ಬೀಳದಿರಲೆಂದು ಎದೆಗೂ ತೊಡೆಗೂ ಬಿಗಿಯುವ ಪಟ್ಟಿ ಅದು. ಜಪಾನಿ ಸಾರ್ ಆ ಪಟ್ಟಿಗಳನ್ನು ಬಿಡಿಸಿದ್ದ ಶ್ರದ್ಧೆಯನ್ನು ನೋಡಬೇಕಿತ್ತು. ಬಂಡೆಯಂಥ ಎದೆ, ಅದರ ಮೇಲೆ ಬೆವರಿನ ಹನಿ, ಪೊದೆ ಮೀಸೆ, ದೂರದ ಗ್ಯಾಸ್ ಜ್ವಾಲೆಯತ್ತ ನೆಟ್ಟ ಒಂಥರಾ ವಿರಹದ ನೋಟ. ಕೆಳಗೆ ದಪ್ಪ ಅಕ್ಷರಗಳಲ್ಲಿ, ‘ಬಿಗಿಯಾಗಿ ಕಟ್ಟಿಕೊಳ್ಳಿ.’

ಒಂದೇ ವಾರದಲ್ಲಿ ಪೋಸ್ಟರುಗಳು ಕಳುವಾಗತೊಡಗಿದವು. ಲೇಬರ್ ಕ್ಯಾಂಪಿನ ಮಂಚಗಳ ತಲೆದೆಸೆಯಲ್ಲಿ ಪತ್ತೆಯಾದವು. ಆ ಸುದ್ದಿ ತಂದವರು ಉಳ್ಳಾಲದ ಫೋರ್‌ಮನ್. ಅವರ ಮನೆಮಾತು ಬ್ಯಾರಿ, ನನ್ನದು ಕೊಂಕಣಿ. ಸೇರಿದಾಗ ಇಬ್ಬರದೂ ಕನ್ನಡ.

“ಎಂತ ಮಾರಾಯ್ರೆ, ಹಾರ್ನೆಸ್ ಹಾಕಿ ಅಂತ ನಮ್ಮ ಜನಕ್ಕೆ ನಾನು ಎಷ್ಟು ಬೊಬ್ಬೆ ಹೊಡೆದದ್ದು! ಈಗ ನೋಡಿ, ಊಟಕ್ಕೆ ಕೂತರೂ ಬಿಚ್ಚುದಿಲ್ಲ. ಎಲ್ಲರಿಗೂ ಆ ಮೀಸೆಯವನ ಹಾಗೆ ಕಾಣ್ಬೇಕಂತೆ.”

ಮುಂದಿನ ಪೋಸ್ಟರಿಗೆ ಸಾರ್ ಈ ಫೋರ್‌ಮನ್ನರನ್ನೇ ಎದುರಿಗೆ ನಿಲ್ಲಿಸಿಕೊಂಡರು. ಅವರ ಡೊಳ್ಳು ಹೊಟ್ಟೆಯನ್ನು ಕಾಗದಕ್ಕೆ ಇಳಿಸದೆ, ಅಲ್ಲಿ ಉಳಿದದ್ದನ್ನೆಲ್ಲ ಭುಜಕ್ಕೆ ಸೇರಿಸಿದರು. ಫೋರ್‌ಮನ್ ಅದರ ಫೋಟೋ ತೆಗೆಸಿ ಊರಿಗೆ ಕಳಿಸಿದರು. ಹೆಂಡತಿ ಫೋನಿನಲ್ಲಿ, “ಇವರು ಯಾರು? ಈ ಸಲ ರಜೆಗೆ ಇವರನ್ನೇ ಕಳಿಸಿ, ನೀವು ಬೇಕಾದ್ರೆ ಅಲ್ಲೇ ಇರಿ,” ಎಂದರಂತೆ. ಅದನ್ನು ಅವರು ಸೈಟಿಗೆಲ್ಲ ಹೇಳಿಕೊಂಡು ಬಂದರು.

ಹೀಗಿರುವಾಗ ಟೋಕಿಯೋದ ಮುಖ್ಯ ಕಚೇರಿಯಿಂದ ನಿರ್ದೇಶಕರೊಬ್ಬರು ಸೈಟು ನೋಡಲು ಬರುತ್ತಾರೆಂಬ ಸುದ್ದಿ ಬಂತು. ಜಪಾನಿ ಸಾರ್ ಅವರ ಮುಖ ಬಿಳಿಚಿತು. ಅಂದು ಸಂಜೆ ದೋಹಾಕ್ಕೆ ಮರಳುವ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತರು. ಸುತ್ತಲಿನವರೆಲ್ಲ ಬಾಯಿ ತೆರೆದು ನಿದ್ದೆ ಹೋಗಿದ್ದರು.

“ಪೋಸ್ಟರುಗಳನ್ನು ತೆಗೆಸಬೇಕು,” ಎಂದರು ತಮ್ಮ ತುಂಡು ಇಂಗ್ಲಿಷಿನಲ್ಲಿ.

“ಯಾಕೆ ಸಾರ್? ಎಲ್ಲರಿಗೂ ಅಷ್ಟು ಇಷ್ಟ ಆಗಿವೆ.”

“ಜಪಾನಿನವರು ನೋಡಿದರೆ ತಿಳಿಯುತ್ತದೆ. ಇದು ಸೇಫ್ಟಿ ಕಲಿತ ಕೈಯಲ್ಲ.”

ಆ ಕೈ ಕಲಿತದ್ದು ಎಲ್ಲಿ ಎಂಬುದನ್ನು ಬಸ್ಸು ದೋಹಾ ಮುಟ್ಟುವುದರೊಳಗೆ ಹೇಳಿದರು. ಗಂಡಸು ಗಂಡಸನ್ನು ಪ್ರೀತಿಸುವ ಚಿತ್ರಗಳು ಅವರ ದೇಶಕ್ಕೆ ಹೊಸವಲ್ಲವಂತೆ. ಹಿಂದೆ ಮರದಚ್ಚಿನಲ್ಲಿ ಮುದ್ರಿಸಿ ರಾಜಾರೋಷವಾಗಿ ಮಾರುತ್ತಿದ್ದರಂತೆ. ಆಮೇಲೆ ದೇಶ ಕೋಟುಬೂಟು ತೊಟ್ಟಿತು, ಅದು ನಾಚಿಕೆಯ ಸಂಗತಿಯಾಯಿತು. ಯುದ್ಧ ಮುಗಿದ ಮೇಲೆ ಸದಸ್ಯರಿಗಷ್ಟೇ ಗುಟ್ಟಾಗಿ ಅಂಚೆಯಲ್ಲಿ ಕಳಿಸುವ ತೆಳು ಪುಸ್ತಿಕೆಗಳು ಬಂದವು. ಸಾರ್ ಇನ್ನೂ ಮೂವತ್ತು ಮುಟ್ಟುವ ಮೊದಲು ಅಂಥದೊಂದು ಪತ್ರಿಕೆ ಊರಿನ ಮಾಮೂಲಿ ಪುಸ್ತಕದಂಗಡಿಗೇ ಬಂತು.

“ಗಲ್ಲಾದಲ್ಲಿ ಒಬ್ಬ ಅಜ್ಜಿ ಕೂತಿರುತ್ತಿದ್ದಳು. ಅದೊಂದನ್ನೇ ಕೊಳ್ಳಲು ನನಗೆ ಧೈರ್ಯವಿಲ್ಲ. ಮೇಲೊಂದು ಅಡುಗೆ ಪುಸ್ತಕ, ಕೆಳಗೊಂದು ಮೀನು ಹಿಡಿಯುವವರ ಪತ್ರಿಕೆ, ನಡುವೆ ಇದು. ಕೆಲವೇ ವರ್ಷಗಳಲ್ಲಿ ನಾನು ಒಳ್ಳೆಯ ಅಡುಗೆಯವನಾದೆ.”

“ಮೀನು, ಸಾರ್?”

“ಮೀನು ಸಿಗಲಿಲ್ಲ. ಮೀನುಗಾರ ಸಿಕ್ಕಿದ.”

ಆ ಪತ್ರಿಕೆಗೆ ಸಾರ್ ಸುಳ್ಳು ಹೆಸರಿನಲ್ಲಿ ಚಿತ್ರ ಬರೆಯುತ್ತಿದ್ದರು. ಅದರ ಕೊನೆಯ ಪುಟಗಳು ಓದುಗರ ಪತ್ರಗಳಿಗೆ ಮೀಸಲು. ದ್ವೀಪವೊಂದರ ಮೀನುಗಾರ ಅಲ್ಲಿಗೆ ಬರೆದು ಚಿತ್ರಕಾರರ ವಿಳಾಸ ಕೇಳಿದ್ದ. ಅಂದಿನಿಂದ ಇಬ್ಬರೂ ಅಕ್ಕಪಕ್ಕದ ಮನೆಗಳಲ್ಲಿ ಇದ್ದವರು. ಈಗ ಇಂಟರ್ನೆಟ್ಟಿನಿಂದಾಗಿ ಕೊಳ್ಳುವವರಿಲ್ಲದೆ ಆ ಪತ್ರಿಕೆ ನಿಂತುಹೋಗಿದೆ ಎಂದು ಅದೇ ಗೆಳೆಯ ಫೋನು ಮಾಡಿ ತಿಳಿಸಿದ್ದನಂತೆ.

“ದುಃಖವಾಯಿತು. ಇಲ್ಲಿ ಯಾರ ಹತ್ತಿರ ಹೇಳಲಿ? ಈ ದೇಶದಲ್ಲಿ ಅದು ಜೈಲಿಗೆ ಹಾಕುವ ಮಾತು. ಅದಕ್ಕೇ ಹಾರ್ನೆಸ್ ಸ್ವಲ್ಪ ಜಾಸ್ತಿಯಾಯಿತು.”

ನನಗೆ ಆಗ ಮೂವತ್ತು ದಾಟಿತ್ತು. ಊರಿನಿಂದ ಅಮ್ಮ ಹುಡುಗಿಯರ ಫೋಟೋ ಕಳಿಸುತ್ತಲೇ ಇದ್ದರು. ಒಬ್ಬಳ ಎತ್ತರ, ಇನ್ನೊಬ್ಬಳ ಡಿಗ್ರಿ, ಮತ್ತೊಬ್ಬಳ ಅಣ್ಣ, ಹೀಗೆ ಕುಂದು ಹುಡುಕಿ ಹುಡುಕಿ ನಾನು ಸುಸ್ತಾಗಿದ್ದೆ. ನನ್ನೂರು ಶಿರ್ವದಿಂದ ದೋಹಾದವರೆಗೆ ನನ್ನಂಥವನು ನಾನೊಬ್ಬನೇ ಎಂದು ನಂಬಿದ್ದೆ. ಕಿಟಕಿಯಾಚೆಯ ಮರಳನ್ನೇ ನೋಡುತ್ತ, “ಸಾರ್, ನಾನೂ ಹಾಗೆಯೇ,” ಎಂದೆ. ಜೀವನದಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಬಂದಿತ್ತು.

“ಗೊತ್ತು,” ಎಂದರು ಸಾರ್. “ಹಾರ್ನೆಸ್ ಪೋಸ್ಟರಿಗೆ ನಂಬರು ಹಾಕಲು ನೀನು ಅರ್ಧ ದಿನ ತೆಗೆದುಕೊಂಡೆ.”

ಅಷ್ಟು ಜೋರಾಗಿ ನಾನು ನಕ್ಕದ್ದಕ್ಕೆ ಮುಂದಿನ ಸೀಟಿನವನು ಎಚ್ಚರಾಗಿ ಬೈದ.

ಮರುದಿನ ಪೋಸ್ಟರ್ ತೆಗೆಸೋಣವೇ ಎಂದು ಸೇಫ್ಟಿ ಮ್ಯಾನೇಜರರನ್ನು ಕೇಳಿದೆ. ಅವರಿಗೆ ನನ್ನ ತಲೆ ಸರಿಯಿಲ್ಲ ಅನ್ನಿಸಿತು. ಅವರಾಗಲೇ ಒಂದೊಂದಕ್ಕೂ ಪ್ಲಾಸ್ಟಿಕ್ ಹೊದಿಸಿ, ನಿರ್ದೇಶಕರು ನಡೆದು ಬರುವ ದಾರಿಯುದ್ದಕ್ಕೂ ಸಾಲಾಗಿ ಹಾಕಿಸಿದ್ದರು.

ನಿರ್ದೇಶಕರು ಬಂದರು. ಬಿಳಿ ತಲೆ, ಇಸ್ತ್ರಿ ಹಾಕಿದಂಥ ಮುಖ. ಹೆಲ್ಮೆಟ್ಟಿನವನನ್ನು ದಾಟಿದರು. ಹಾರ್ನೆಸ್ಸಿನವನ ಮುಂದೆ ನಿಂತುಬಿಟ್ಟರು. ಹಿಂದಿದ್ದವರೂ ನಿಂತರು. ನಾನು ಮನಸ್ಸಿನಲ್ಲೇ ಮಾತೆ ಮರಿಯಮ್ಮನಿಗೆ ಮೇಣದ ಬತ್ತಿಯ ಹರಕೆ ಹೇಳಿಕೊಂಡೆ.

“ಬರೆದವರು ಯಾರು?”

“ಇವರೇ!” ಎಂದು ಸೇಫ್ಟಿ ಮ್ಯಾನೇಜರ್ ನಮ್ಮ ಸಾರ್ ಅವರನ್ನು ಮುಂದೆ ತಳ್ಳಿದರು.

ಇಬ್ಬರೂ ತಮ್ಮ ಭಾಷೆಯಲ್ಲಿ ಮೆಲ್ಲಗೆ ಏನೋ ಆಡಿದರು. ನೋಡನೋಡುತ್ತ ನಿರ್ದೇಶಕರ ಕಿವಿ ಕೆಂಪಾಯಿತು. ಆಮೇಲೆ ಅವರು ಸೊಂಟ ಬಗ್ಗಿಸಿ ವಂದಿಸಿದರು. ಸಾರ್ ಅದಕ್ಕಿಂತ ಕೆಳಗೆ ಬಗ್ಗಿದರು. ಅವರು ಮತ್ತೆ ಬಗ್ಗಿದರು. ಇದೇನೋ ಜಪಾನಿನ ಸೇಫ್ಟಿ ಪದ್ಧತಿಯೆಂದು ತಿಳಿದು ಸೇಫ್ಟಿ ಮ್ಯಾನೇಜರರೂ ಬಗ್ಗಿದರು. ಹೋಗುವಾಗ ನಿರ್ದೇಶಕರು ಒಂದು ಪೋಸ್ಟರನ್ನು ಸುರುಳಿ ಸುತ್ತಿಸಿ ಕೊಂಡುಹೋದರು. ಅದು ಉಳ್ಳಾಲದ ಫೋರ್‌ಮನ್ನರದು.

ಬಸ್ಸಿನಲ್ಲಿ ನಾನು ಮೆಲ್ಲಗೆ ಕೇಳಿದೆ. “ಅವರು ಏನಂದರು ಸಾರ್?”

“ಈ ಮೀಸೆಯನ್ನು ಎಲ್ಲೋ ನೋಡಿದ್ದೇನೆ ಅಂದರು. ಯಾವ ಪುಸ್ತಕದಂಗಡಿಯಲ್ಲಿ ಅಂತ ಕೇಳಿದೆ.”

“ಅಯ್ಯೋ! ಅದಕ್ಕೆ?”

“ಕಿವಿ ಕೆಂಪಾದದ್ದು ಆಗಲೇ. ಆಮೇಲೆ, ನಮ್ಮ ಮನೆಯಲ್ಲಿ ತೋಟಗಾರಿಕೆಯ ಪುಸ್ತಕಗಳು ಬಹಳ ಇವೆ ಅಂದರು.”

ಆ ಕ್ರಿಸ್ಮಸ್ಸಿಗೆ ಊರಿಗೆ ಹೋದಾಗ ನಾನು ಅಮ್ಮನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ನಾನು ಹೊರಡುವ ದಿನ ಮಾತ್ರ, “ಮದುವೆ ಬ್ರೋಕರನಿಗೆ ನೀನೇ ಹೇಳು. ಅವನ ಹತ್ತಿರ ಮಾತಾಡಿ ನನಗೂ ಸಾಕಾಗಿದೆ,” ಎಂದರು. ನನ್ನ ಪಾಲಿಗೆ ಅದು ಆಶೀರ್ವಾದ. ಸಾರ್ ನನಗೆ ಹೀಗೆ ಮಾಡು, ಹಾಗೆ ಮಾಡು ಎಂದು ಒಂದು ದಿನವೂ ಹೇಳಿದವರಲ್ಲ. ನನ್ನಂಥವರಿಗೂ ಅಜ್ಜಂದಿರಿದ್ದರು, ಅವರೂ ನಕ್ಕು ಬದುಕಿದ್ದರು ಎಂದು ತೋರಿಸಿಕೊಟ್ಟರು. ಆ ಋಣ ತೀರುವಂಥದ್ದಲ್ಲ.

ಕೆಲಸ ಮುಗಿದು ಅವರು ಜಪಾನಿಗೆ ಮರಳಿದರು. ಆಗಾಗ ಫೋನು ಮಾಡುತ್ತಿದ್ದರು. ಒಂದು ಬೆಳಿಗ್ಗೆ ಅವರ ನಂಬರಿನಿಂದ ಬಂದದ್ದು ಬೇರೊಬ್ಬರ ದನಿ, ಸಮುದ್ರದಲ್ಲಿ ಕೂಗಿ ಕೂಗಿ ಒಡೆದಂಥ ಮುದಿ ದನಿ. ಅವರಿಗೆ ಇಂಗ್ಲಿಷ್ ಬಾರದು, ನನಗೆ ಜಪಾನಿ ಬಾರದು. ಅವರು ಸಾರ್ ಹೆಸರನ್ನು ಹೇಳಿದರು. ಆಮೇಲೆ, ಸಾರ್ ಇಲ್ಲಿಂದ ಒಯ್ದು ಅವರಿಗೂ ಕಲಿಸಿದ್ದಿರಬೇಕು, ನಮ್ಮ ಗಲ್ಫಿನ ಆ ಒಂದೇ ಪದ.

“ಖಲಾಸ್.”

ಇಬ್ಬರೂ ಫೋನು ಇಡಲಿಲ್ಲ. ಅವರು ಅಳುವುದು ನನಗೆ, ನಾನು ಅಳುವುದು ಅವರಿಗೆ ಕೇಳುತ್ತಿತ್ತು. ಬಹಳ ಹೊತ್ತಿನ ಮೇಲೆ ನಾನು, “ಮಾಫಿ ಖಲಾಸ್,” ಎಂದೆ. ಅಂದರೆ, ಮುಗಿದಿಲ್ಲ.