ಮೂರನೇ ಬಾಗಿಲಿನ ಕೋಪಮ್ಮ

ಬೀದಿಯವರೆಲ್ಲ ಅವಳನ್ನು ಕೋಪಮ್ಮ ಎಂದೇ ಕರೆಯುತ್ತಿದ್ದರು. ಆ ಹೆಸರು ಇಟ್ಟವರು ಹೆತ್ತವರಲ್ಲ, ಕಟ್ಟಿಕೊಂಡ ಗಂಡ. ಅದೂ ಬಾಯಿಂದಲ್ಲ, ಉಳಿಯಿಂದ.

ಗಂಡ ಚರ್ಚಿನ ಅಚ್ಚುಕೂಟಕ್ಕೆ ಮರದಚ್ಚು ಕೆತ್ತಿಕೊಡುವವನು. ಪುಣ್ಯಾತ್ಮ ಹಲಗೆಯ ಮುಂದೆ ಕೂತನೆಂದರೆ ಮನೆಗೆ ಬೆಂಕಿ ಬಿದ್ದರೂ ತಲೆ ಎತ್ತುತ್ತಿರಲಿಲ್ಲ. ಬಡಗಿಯ ಮಗಳಾದ ಇವಳು ಹಲಗೆ ಉಜ್ಜಿ ನುಣುಪು ಮಾಡಬೇಕು. ಅವನ ಉಳಿ ಜಾರಿ ಗೆರೆ ಕೆಟ್ಟರೆ ಆ ಜಾಗವನ್ನು ಕೊರೆದು ತೆಗೆದು, ಹೊಸ ಮರದ ತುಂಡು ಕೂರಿಸಿ, ಅಂಟು ಹಾಕಿ ಸಮ ಮಾಡಿಕೊಡಬೇಕು. ಹೊಗಳಿಕೆ ಅವನಿಗೆ, ಮರದ ಪುಡಿ ಇವಳ ಮೂಗಿಗೆ.

ಒಮ್ಮೆ ಪಾದ್ರಿಗಳು ಒಂದು ಕಥೆಪುಸ್ತಕಕ್ಕೆ ಚಿತ್ರ ಕೇಳಿದರು. ಆತ್ಮ ಎಂಬ ಹುಡುಗಿ ತಂದೆಯ ಮನೆಗೆ ಹೊರಟಿದ್ದಾಳೆ. ದಾರಿಯಲ್ಲಿ ಏಳು ಬಾಗಿಲು, ಬಾಗಿಲಿಗೊಂದು ಪಾಪ ಕಾವಲು. ಮೂರನೆಯದು ಕೋಪ. ಅದರ ಮುಖ ಮಾತ್ರ ಅವನಿಗೆ ಒಲಿಯಲಿಲ್ಲ. ಅದೇ ವಾರ ಕೈಗೂಸಾದ ಮಗಳಿಗೆ ಜ್ವರ ಏರಿತು. ಡಾಕ್ಟರನ್ನು ಕರೆತನ್ನಿ ಎಂದು ಇವಳು ಬೆಳಿಗ್ಗೆಯಿಂದ ಹೇಳಿದ್ದೆಲ್ಲ ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಕೊನೆಗೆ ಕೂಸನ್ನು ಎತ್ತಿಕೊಂಡು ಹೋಗಿ, ಅವನ ಕೋಣೆಯ ಬಾಗಿಲಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದಳು. ಆಗ ತಲೆ ಎತ್ತಿದ.

“ಹಾಗೇ ನಿಂತಿರು. ಒಂದೇ ನಿಮಿಷ, ಅಲ್ಲಾಡಬೇಡ,” ಎಂದು ಪೆನ್ಸಿಲ್ ಹುಡುಕಿದ.

ಮದುವೆಯಾದ ಮೇಲೆ ಅವನು ಅವಳನ್ನು ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು. ಅವಳು ಕೂಸನ್ನು ಅವಚಿಕೊಂಡು ತಾನೇ ಆಸ್ಪತ್ರೆಗೆ ಓಡಿದಳು. ಜೀವ ಉಳಿಯಿತು, ಕಿವಿ ಎರಡೂ ಹೋದವು.

ಪುಸ್ತಕ ಬಂತು. ಮೂರನೇ ಬಾಗಿಲಲ್ಲಿ ಕೆದರಿದ ಕೂದಲು, ತೆರೆದ ಬಾಯಿ, ಇವಳೇ. ಕೈಯಲ್ಲಿ ಮಾತ್ರ ಕೂಸಿರಲಿಲ್ಲ, ಉರಿಯುವ ಕೊಳ್ಳಿ ಇತ್ತು. ಪಾದ್ರಿಗಳು ಅವನ ಬೆನ್ನು ತಟ್ಟಿದರು. ಬೀದಿ ನಕ್ಕಿತು. ಅವಳು ಹಲ್ಲು ಕಚ್ಚಿ ಸಹಿಸಿದಳು. ಎಂಥ ಸಹನೆಯೋ, ನನಗಂತೂ ಆಗುತ್ತಿರಲಿಲ್ಲ.

ವರ್ಷಗಳು ಕಳೆದು, ಈಗ ಅದೇ ಪುಸ್ತಕ ಮತ್ತೆ ಅಚ್ಚಾಗಬೇಕೆಂದು ಹಲಗೆಗಳು ರಿಪೇರಿಗೆ ಮನೆಗೆ ಬಂದಿದ್ದವು. ಮಗಳು ಅದರ ಹಳೆಯ ಪ್ರತಿ ಒಂದನ್ನು ತಿರುವಿಹಾಕುತ್ತಿದ್ದಳು. ಕಿವಿ ಕೇಳದ ಆ ಮಗುವಿಗೆ ಚಿತ್ರವೇ ಮಾತು. ಮೂರನೇ ಬಾಗಿಲಿಗೆ ಬಂದವಳು ಚಿತ್ರ ನೋಡಿದಳು, ತಾಯಿಯನ್ನು ನೋಡಿದಳು, ಕೂತಲ್ಲೇ ಹಿಂದಕ್ಕೆ ಸರಿದಳು.

ತಾಯಿ ಆ ಚಿತ್ರದ ಹಲಗೆಯನ್ನು ಎತ್ತಿ ಗಂಡನ ಮುಂದೆ ಕುಕ್ಕಿದಳು.

“ಇದನ್ನ ಸರಿ ಮಾಡಿ.”

“ಮುಖಾನಾ? ನಾನು ಕೆತ್ತಿರೋದರಲ್ಲೆಲ್ಲ ಅದೇ ಚೆನ್ನಾಗಿರೋದು ಕಣೆ.”

“ಮುಖ ಇರಲಿ, ಅದು ನಂದೇ. ಕೊಳ್ಳಿ ತೆಗೀರಿ. ಆವತ್ತು ನನ್ನ ಕೈಯಲ್ಲಿ ಏನಿತ್ತೋ ಅದನ್ನ ಇಡಿ.”

“ಕೈಯಲ್ಲಿ ಮಗು ಇಟ್ರೆ ಅದನ್ನ ಪಾಪ ಅಂತ ಯಾರು ಒಪ್ತಾರೆ?”

“ಅದನ್ನ ಇಷ್ಟು ವರ್ಷದಲ್ಲಿ ನೀವು ಒಂದು ಸಲ ಆದ್ರೂ ಕೇಳ್ಕೊಬೇಕಿತ್ತು.”

ಪಾದ್ರಿಗಳು ಏನಂತಾರೋ ಎಂದು ಅವನು ಗೊಣಗಿದ. ಅವಳು ಕಾಯಲಿಲ್ಲ. ಕೊಳ್ಳಿಯನ್ನು ಕೊರೆದೆಸೆದಳು, ಹೊಸ ತುಂಡು ಕೂರಿಸಿದಳು, ಅಂಟು ಆರಿದ ಮೇಲೆ ಅವನ ಉಳಿಯನ್ನೇ ಹಿಡಿದು ಕೂತಳು. ಕೆತ್ತುವ ಅಭ್ಯಾಸವಿಲ್ಲದ ಕೈ, ಕೂಸಿನ ತಲೆ ಆಲೂಗಡ್ಡೆಯ ಹಾಗೆ ಬಂತು. ಆದರೂ ಕೂಸು ಕೂಸೇ. ಶಾಯಿ ಬಳಿದು, ಕಾಗದ ಇಟ್ಟು, ಚಮಚದ ಬೆನ್ನಿನಿಂದ ಉಜ್ಜಿ ಎತ್ತಿ ಮಗಳ ಮುಂದೆ ಹಿಡಿದಳು.

ಮಗಳು ತುಂಬ ಹೊತ್ತು ನೋಡಿದಳು. ಚಿತ್ರದ ಹೆಂಗಸನ್ನು ಮುಟ್ಟಿ ತಾಯಿಯ ಕೆನ್ನೆ ಮುಟ್ಟಿದಳು. ಕೂಸನ್ನು ಮುಟ್ಟಿ ತನ್ನ ಎದೆ ಮುಟ್ಟಿಕೊಂಡು, ಹೌದಾ ಎಂಬಂತೆ ಹುಬ್ಬೇರಿಸಿದಳು. ತಾಯಿ ತಲೆಯಾಡಿಸಿದಳು. ಮಗಳು ಅವಳ ಮಗ್ಗುಲಿಗೆ ಸರಿದು ಕೂತು, ಕಾಗದದ ಮೇಲೆ ಮತ್ತೆ ಏನನ್ನೋ ಹುಡುಕತೊಡಗಿದಳು. ಬೆರಳು ಬಾಗಿಲ ಹಿಂದೆ ಹೋಯಿತು, ಗೋಡೆಯುದ್ದಕ್ಕೂ ಹೋಯಿತು. ಎಲ್ಲೂ ಸಿಗದೆ ಆ ಬೆರಳನ್ನು ಅಪ್ಪನ ಕಡೆ ತೋರಿಸಿ, ನೀನೆಲ್ಲಿ ಎಂದು ಕೈ ತಿರುವಿ ಕೇಳಿದಳು.

ಗಂಡ ಹೆಂಡತಿಯ ಮುಖ ನೋಡಿದ. ಅವಳು ಉಳಿಯನ್ನು ಅವನ ಕಡೆ ಸರಿಸಿದಳು. ಉತ್ತರ ಅವನೇ ಹೇಳಲಿ ಎಂದು ಕೂತಳು.